ಸುಮ್ಮನಿದ್ದರೆ ಒಪ್ಪಿದಂತೆಯೇ?

(ಮಲ್ಲಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮೊದಲು ಶೇಂಗಾ ಚಿಕ್ಕಿಯೂ ಇತ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದದ್ದು ಮರುವರ್ಷ ಇಡೀ ರಾಜ್ಯಕ್ಕೆ ಬಂತು. ಯಾವ ಮಗುವಿಗೆ ಏನು ಎಂದು ಶಾಲೆಯವರು ಮೊದಲೇ ತಿಳಿದಿರಬೇಕು. ಮೇಷ್ಟ್ರು ತರಗತಿಯಲ್ಲಿ ನಿಂತು “ಮೊಟ್ಟೆ ಯಾರಿಗೆ ಬೇಡ, ಕೈ ಎತ್ತಿ” ಎಂದರೆ ಒಂದು ಲೆಕ್ಕ ಬರಬಹುದು. “ಯಾರಿಗೆ ಬೇಕು” ಎಂದು ಕೇಳಿದರೆ ಇನ್ನೊಂದು. ಚೀಟಿಯನ್ನು ಮನೆಗೆ ಕಳಿಸಿ ಅಪ್ಪನದೋ ಅಮ್ಮನದೋ ಸಹಿ ಹಾಕಿಸಿಕೊಂಡು ಬನ್ನಿ ಎಂದರೆ ಮೂರನೆಯದು. ಮಗು ಕೈ ಎತ್ತುವ ಮೊದಲು ಪಕ್ಕದ ಹುಡುಗನ ಕೈ ನೋಡುತ್ತದೆ. ಹಿಂದಿನ ಬೆಂಚಿನಲ್ಲಿ ಯಾರು ನಕ್ಕರು ಎಂದು ಕಿವಿಗೊಡುತ್ತದೆ. ಮೊಟ್ಟೆಯೂ ಅದೇ, ಮಗುವೂ ಅದೇ. ಆದರೂ ಕೇಳುವ ರೀತಿ ಉತ್ತರವನ್ನು ಅರ್ಧ ಬರೆದುಬಿಡುತ್ತದೆ.

ರಿಚರ್ಡ್ ಥೇಲರ್ ಮತ್ತು ಕಾಸ್ ಸನ್‌ಸ್ಟೀನ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 2008ರಲ್ಲಿ ‘ನಡ್ಜ್’ ಎಂಬ ಪುಸ್ತಕ ಬರೆದಾಗ ಅವರೂ ಶಾಲೆಯ ಊಟದ ಸಾಲಿನಿಂದಲೇ ಆರಂಭಿಸಿದರು. ಯಾವ ತಿಂಡಿಯನ್ನು ಕಣ್ಣಿಗೆ ನೇರವಾಗಿ ಇಡುತ್ತೀರಿ, ಯಾವುದನ್ನು ಮೂಲೆಗೆ ಸರಿಸುತ್ತೀರಿ ಎಂಬುದರ ಮೇಲೆ ಮಕ್ಕಳು ತಿನ್ನುವುದು ಬದಲಾಗುತ್ತದೆ. ಯಾವುದನ್ನೂ ನಿಷೇಧಿಸಬೇಕಿಲ್ಲ, ದಂಡ ಹಾಕಬೇಕಿಲ್ಲ, ದೊಡ್ಡ ಬಹುಮಾನವೂ ಬೇಕಿಲ್ಲ. ಜೋಡಿಸುವ ಕ್ರಮ ಬದಲಿಸಿದರೆ ಸಾಕು, ಜನ ತಾವಾಗಿಯೇ ಒಳ್ಳೆಯ ಕಡೆ ವಾಲುತ್ತಾರೆ. ಹೀಗೆ ಮೆಲ್ಲಗೆ ದೂಡುವುದಕ್ಕೆ ಅವರು ನಡ್ಜ್ ಎಂದು ಹೆಸರಿಟ್ಟರು. ಬ್ರಿಟನ್ ಸರ್ಕಾರ 2010ರಲ್ಲಿ ಇದಕ್ಕಾಗಿಯೇ ಒಂದು ತಂಡ ಕಟ್ಟಿತು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆ ಒಂದು ಇಡೀ ಅಧ್ಯಾಯವನ್ನು ಇದಕ್ಕೆ ಮೀಸಲಿಟ್ಟು, ಸ್ವಚ್ಛ ಭಾರತ ಮತ್ತು ಬೇಟಿ ಬಚಾವೋ ಕಾರ್ಯಕ್ರಮಗಳನ್ನು ಮಾದರಿಯಾಗಿ ತೋರಿಸಿ, ನೀತಿ ಆಯೋಗದಲ್ಲೂ ಇಂಥ ಘಟಕವಿರಲಿ ಎಂದಿತು. ಹೆಸರು ಹೊಸದು, ಕೆಲಸ ಹಳೆಯದು. ಆಸ್ಪತ್ರೆಯ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಬಸ್ಸಿನ ಹಿಂದಿನ ‘ನಾವಿಬ್ಬರು ನಮಗಿಬ್ಬರು’ ಇವೆಲ್ಲ ಇದೇ ವಂಶದವು.

ಈ ವಿಚಾರವನ್ನು ಸಾರಾಸಗಟಾಗಿ ತಳ್ಳಿಹಾಕಲು ನಾನು ಬಂದಿಲ್ಲ. ಮೇಷ್ಟ್ರು ಯಾವುದಾದರೊಂದು ರೀತಿಯಲ್ಲಿ ಕೇಳಲೇಬೇಕು. ಅರ್ಜಿಯಲ್ಲಿ ಯಾವುದಾದರೊಂದು ಚೌಕ ಮೊದಲು ಬರಲೇಬೇಕು. ಯಾವ ಕಡೆಗೂ ವಾಲದ ಜೋಡಣೆ ಎಂಬುದು ಲೋಕದಲ್ಲಿ ಇಲ್ಲ. ಆದರೆ ಯಾವ ಜೋಡಣೆಯೂ ಪಕ್ಷಪಾತವಿಲ್ಲದ್ದಲ್ಲ ಎಂದ ಮಾತ್ರಕ್ಕೆ ಎಲ್ಲ ಜೋಡಣೆಯೂ ಸಮ್ಮತವಾಗುವುದಿಲ್ಲ. ನನ್ನ ಮಾತು ಇಷ್ಟೇ: ದೂಡುವ ಕೈ ದೂಡಿಸಿಕೊಳ್ಳುವವನ ಕಣ್ಣಿಗೆ ಕಾಣಬೇಕು. ಹೂಂ ಎನ್ನುವುದಕ್ಕೆ ಎಷ್ಟು ಶ್ರಮವೋ ಉಹೂಂ ಎನ್ನುವುದಕ್ಕೂ ಅಷ್ಟೇ ಇರಬೇಕು. ಈ ಎರಡೂ ಇಲ್ಲದಿದ್ದರೆ, ಫಲ ಎಷ್ಟೇ ಒಳ್ಳೆಯದಿರಲಿ, ಅದು ಒಪ್ಪಿಗೆಯಲ್ಲ. ಇದನ್ನು ದೂರದ ದೇಶದ ಪ್ರಯೋಗಶಾಲೆಯಲ್ಲಿ ಅಲ್ಲ, ನಮ್ಮೂರ ಸೊಸೈಟಿಯ ಕಟ್ಟೆಯ ಮೇಲೆ ನೋಡೋಣ.

2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂತು. ರೈತನ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ 5. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಆಗ ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಿತ್ತು. ದೇಶದ ಹಲವೆಡೆ ರೈತರು ತಕರಾರೆತ್ತಿದರು. 2020ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಅದನ್ನು ಐಚ್ಛಿಕ ಮಾಡಿತು. ಪತ್ರಿಕೆಗಳಲ್ಲಿ ಬಂದದ್ದು ಅಷ್ಟೇ, ಐಚ್ಛಿಕ ಎಂದು. ಆದರೆ ಐಚ್ಛಿಕವನ್ನು ಎರಡು ಬಗೆಯಲ್ಲಿ ಕಟ್ಟಿದರು. ಸಾಲ ಪಡೆಯದ ರೈತನಿಗೆ ವಿಮೆ ಬೇಕಿದ್ದರೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ತಾನೇ ಹೋಗಿ ನೋಂದಾಯಿಸಬೇಕು. ಅವನು ಸುಮ್ಮನಿದ್ದರೆ ಬೇಡ ಎಂದರ್ಥ. ಸಾಲ ಪಡೆದ ರೈತನದ್ದು ತಿರುವುಮುರುವು. ವಿಮೆ ಬೇಡದಿದ್ದರೆ ನೋಂದಣಿಯ ಕೊನೆಯ ದಿನಕ್ಕೆ ಕನಿಷ್ಠ ಏಳು ದಿನ ಮುಂಚೆ ಅವನು ಬರೆದುಕೊಡಬೇಕು. ಸುಮ್ಮನಿದ್ದರೆ ಬೇಕು ಎಂದರ್ಥ, ಖಾತೆಯಿಂದ ಕಂತು ಕಡಿತವಾಗುತ್ತದೆ.

ಒಂದೇ ಯೋಜನೆ, ಒಂದೇ ಊರು, ಅಕ್ಕಪಕ್ಕದ ಗದ್ದೆ. ಒಬ್ಬನ ಮೌನಕ್ಕೆ ಒಂದು ಅರ್ಥ, ಇನ್ನೊಬ್ಬನ ಮೌನಕ್ಕೆ ಅದರ ವಿರುದ್ಧ ಅರ್ಥ. ಏಕೆ? ರೈತನ ಹಿತವೊಂದನ್ನೇ ನೋಡಿದ್ದರೆ ಈ ಭೇದಕ್ಕೆ ಕಾರಣ ಸಿಗುವುದಿಲ್ಲ. ಸಾಲ ಪಡೆಯದ ಬಡವನಿಗೆ ವಿಮೆ ಇನ್ನೂ ಹೆಚ್ಚು ಅಗತ್ಯವಿರಬಹುದು. ಸಾಲಗಾರನ ವಿಷಯದಲ್ಲಿ ಸಾಲ ಕೊಟ್ಟವರ ಹಿತವೂ ಸೇರಿದೆ: ಬೆಳೆ ಹೋದರೂ ಸಾಲ ಮುಳುಗಬಾರದು. ಅದು ತಪ್ಪು ಉದ್ದೇಶವಲ್ಲ. ಸಹಕಾರ ಸಂಘ ಉಳಿದರೆ ತಾನೆ ಮುಂದಿನ ವರ್ಷ ಸಾಲ? ಆದರೆ ಆ ಉದ್ದೇಶವನ್ನು ರೈತನಿಗೆ ಬಾಯಿಬಿಟ್ಟು ಹೇಳಬೇಕಿತ್ತು. “ನಿಮ್ಮ ಬೆಳೆಗೆ ರಕ್ಷಣೆ, ನಮ್ಮ ಸಾಲಕ್ಕೂ ರಕ್ಷಣೆ. ನಿಮಗೆ ಒಪ್ಪಿಗೆಯೋ ಇಲ್ಲವೋ?” ಎಂದು ಕೇಳುವುದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ.

ಸಾಲ ನವೀಕರಣದ ದಿನ ಕೌಂಟರಿನಲ್ಲಿ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಗುಮಾಸ್ತರು ಕಾಗದದ ಕಟ್ಟನ್ನು ಮುಂದಿಡುತ್ತಾರೆ. ಸಹಿ ಬೇಕಾದ ಕಡೆಗೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುರುತು. ರೈತ ಗುರುತಿದ್ದಲ್ಲಿ ಸಹಿ ಹಾಕುತ್ತಾ ಹೋಗುತ್ತಾನೆ, ಇಲ್ಲವೇ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾನೆ. ಹಿಂದೆ ಸಾಲು ನಿಂತಿದೆ, ಊರಿಗೆ ಹೋಗುವ ಬಸ್ಸಿನ ಹೊತ್ತಾಗಿದೆ. ನಮ್ಮ ಕಾರವಾರ ತಾಲೂಕಿನಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್. ವಿಮೆ ಬೇಡವೆಂದು ಬರೆದುಕೊಡುವ ನಮೂನೆ ಆ ಕಟ್ಟಿನಲ್ಲಿ ಇರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ಕೇಳುವುದಕ್ಕೆ ಅಂಥದೊಂದು ಇದೆಯೆಂದು ಗೊತ್ತಿರಬೇಕು. ಅದೂ ಕೊನೆಯ ದಿನದಂದು ಅಲ್ಲ, ಅದಕ್ಕೆ ಏಳು ದಿನ ಮುಂಚೆ. ಕೌಂಟರಿನ ಆಚೆ ಕುಳಿತ ಗುಮಾಸ್ತರ ತಪ್ಪು ಇದರಲ್ಲಿಲ್ಲ. ಮೇಲಿನಿಂದ ಬಂದ ಜೋಡಣೆಯನ್ನು ಅವರು ನಡೆಸುತ್ತಿದ್ದಾರೆ.

ಇದರಿಂದ ಯಾರಿಗೇನು ನಷ್ಟ, ಹೇಗೂ ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಅವರಿಗೆ ಇದೇ ಯೋಜನೆಯ ಇನ್ನೊಂದು ನಿಯಮ ತೋರಿಸುತ್ತೇನೆ. ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ವಿಪತ್ತಿನಲ್ಲಿ ಒಬ್ಬನ ಹೊಲಕ್ಕಷ್ಟೇ ಹಾನಿಯಾದರೆ, ಆ ರೈತ 72 ಗಂಟೆಯೊಳಗೆ ತಿಳಿಸಬೇಕು. ತಾನು ವಿಮೆಯೊಳಗೆ ಇದ್ದೇನೆಂದು ಗೊತ್ತಿಲ್ಲದವನು ಯಾರಿಗೆ ಏನು ತಿಳಿಸುತ್ತಾನೆ? ಗುಡ್ಡ ಜರಿದ ಮೂರು ದಿನ ಅವನು ಮನೆಯ ಮಣ್ಣು ತೆಗೆಯುತ್ತಿರುತ್ತಾನೆ. ನಮ್ಮ ಜಿಲ್ಲೆಯ ಭತ್ತಕ್ಕೆ ಹೆಚ್ಚಿನ ಅಪಾಯ ನೆರೆಯದು. ಗದ್ದೆ ಮುಳುಗಿದ್ದನ್ನು ಸ್ಥಳೀಯ ವಿಪತ್ತಿನ ಪಟ್ಟಿಯಿಂದ 2018ರಲ್ಲಿ ತೆಗೆದರು, 2025ರ ಕೊನೆಗೆ ಮತ್ತೆ ಸೇರಿಸುವುದಾಗಿ ಪ್ರಕಟಿಸಿದರು. ಬಾಯಿ ತೆರೆದು ಕೇಳಿ ಸೇರಿಸಿಕೊಂಡಿದ್ದರೆ ಈ ಷರತ್ತುಗಳೂ ಆ ಮಾತಿನ ನಡುವೆ ಬಂದುಹೋಗುತ್ತಿದ್ದವು. ಒಳಗೆ ಬರುವಾಗ ಏನೂ ಮಾಡಬೇಕಿಲ್ಲ, ಹಣ ಪಡೆಯುವಾಗ ಎಲ್ಲವನ್ನೂ ತಾನೇ ಮಾಡಬೇಕು. ಕದ್ದು ಕೊಟ್ಟ ವರ ಎಂದರೆ ಇದೇ, ಪಡೆದವನಿಗೆ ಅದು ತನ್ನದೆಂದೇ ಗೊತ್ತಿರುವುದಿಲ್ಲ.

ಸಣ್ಣ ಮೊತ್ತದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2015ರ ಮೇ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ಆಗ ವರ್ಷಕ್ಕೆ 12 ರೂಪಾಯಿ, 2022ರ ಜೂನಿನಿಂದ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದರ ಜೊತೆಯ ಜೀವನ ಜ್ಯೋತಿ ವಿಮೆಗೆ 330 ಇದ್ದದ್ದು 436 ಆಯಿತು. ಒಮ್ಮೆ ಸಹಿ ಮಾಡಿದರೆ ಪ್ರತಿವರ್ಷ ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತ. ಇಪ್ಪತ್ತು ರೂಪಾಯಿಗೆ ಎರಡು ಲಕ್ಷದ ಭದ್ರತೆ ಎಂದರೆ ಬಡವರಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಕಡಿಮೆ. ನಾನಂತೂ ಎಲ್ಲರಿಗೂ ಸೇರಿ ಎಂದೇ ಹೇಳುತ್ತೇನೆ. ಆದರೆ ನಮ್ಮ ಕಡೆಯ ಹೆಂಗಸರ ಪಾಸ್‌ಬುಕ್ ತೆರೆದು ನೋಡಿ. ಉದ್ಯೋಗ ಖಾತರಿಯ ಕೂಲಿ, ಪಿಂಚಣಿ, ಗೃಹಲಕ್ಷ್ಮಿಯ ಹಣ ಇವುಗಳ ನಡುವೆ ನಾಲ್ಕೈದು ಇಂಗ್ಲಿಷ್ ಅಕ್ಷರ ಕೂಡಿಸಿ ಬರೆದ ಒಂದು ಸಾಲು, ಅದರ ಮುಂದೆ 20.00. ಇದೇನೆಂದು ಕೇಳಿದರೆ “ಬ್ಯಾಂಕಿನವರು ಏನೋ ತೆಗೀತಾರೆ” ಎಂಬ ಉತ್ತರ. ಬೈಕಿನಿಂದ ಬಿದ್ದು ಸತ್ತ ಮಗನ ಪಾಸ್‌ಬುಕ್ಕಿನಲ್ಲೂ ಆ ಸಾಲು ಇದ್ದಿರಬಹುದು. ಅದನ್ನು ಓದಿ ಹೇಳುವವರು ಯಾರೂ ಇಲ್ಲದಿದ್ದರೆ ಆ ಎರಡು ಲಕ್ಷ ಆ ತಾಯಿಯ ಮನೆಗೆ ಬರುವುದಿಲ್ಲ.

ಬಡವರಿಗೆ ಯೋಚಿಸುವ ಬಿಡುವೆಲ್ಲಿ, ಅದಕ್ಕೇ ಅವರ ಪರವಾಗಿ ಒಳ್ಳೆಯದನ್ನು ಮೊದಲೇ ಆರಿಸಿಡಬೇಕು ಎಂಬ ವಾದವಿದೆ. ಇದಕ್ಕೆ ಬಲವಾದ ಆಧಾರವೂ ಇದೆ. ಸೆಂದಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಅವರ ಸಂಗಡಿಗರು ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಟಾವಿಗೆ ಮೊದಲು, ಕೈ ಬರಿದಾಗಿದ್ದಾಗ, ಬುದ್ಧಿಯ ಪರೀಕ್ಷೆಯಲ್ಲಿ ರೈತರು ಪಡೆದ ಅಂಕ ಕಡಿಮೆ. ಕಟಾವಾಗಿ ಹಣ ಬಂದ ಮೇಲೆ ಅದೇ ರೈತರ ಅಂಕ ಹೆಚ್ಚು. ಚಿಂತೆ ತಲೆಯ ಜಾಗವನ್ನು ತಿಂದುಬಿಡುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನ ಬೇರೆ. ತಲೆಯಲ್ಲಿ ಜಾಗವಿಲ್ಲದವನಿಗೆ ಏಳು ದಿನ ಮೊದಲು ಬಂದು ನಮೂನೆ ಕೇಳಿ ಬರೆದುಕೊಡು ಎನ್ನುವುದು ನ್ಯಾಯವೇ? ಹೊರಗೆ ಹೋಗುವ ದಾರಿಯ ಭಾರ ಬೀಳುವುದು ಅತ್ಯಂತ ದಣಿದವನ ಹೆಗಲಿಗೆ. ಊರಿನ ಓದಿದವರು, ಓಡಾಡುವವರು, ಅಧಿಕಾರಿಗಳ ಪರಿಚಯವಿದ್ದವರು ಬೇಡದಿದ್ದರೆ ಬೇಡ ಎಂದು ಬರೆದುಕೊಟ್ಟು ಬರುತ್ತಾರೆ. ಉಳಿದವರ ಪಾಲಿಗೆ ಐಚ್ಛಿಕ ಎಂಬುದು ಸುತ್ತೋಲೆಯಲ್ಲಿ ಮಾತ್ರ ಉಳಿಯುತ್ತದೆ.

ಅಂಗದಾನದ ಉದಾಹರಣೆಯನ್ನು ಈ ಶಾಸ್ತ್ರದವರು ತಪ್ಪದೆ ಎತ್ತುತ್ತಾರೆ. ಬೇಡವೆಂದು ಬರೆದುಕೊಡದವರೆಲ್ಲ ದಾನಿಗಳು ಎಂದು ಎಣಿಸುವ ಆಸ್ಟ್ರಿಯಾದಲ್ಲಿ ಬಹುತೇಕ ಎಲ್ಲರೂ ಒಪ್ಪಿದವರು, ಕೇಳಿ ಬರೆಸಿಕೊಳ್ಳುವ ಪಕ್ಕದ ಜರ್ಮನಿಯಲ್ಲಿ ಶೇ 12ರಷ್ಟು ಮಾತ್ರ ಎಂದು 2003ರ ಒಂದು ಪ್ರಸಿದ್ಧ ಲೇಖನ ತೋರಿಸಿತು. ಆದರೆ ಕಾಗದದ ಮೇಲಿನ ಒಪ್ಪಿಗೆ ಬೇರೆ, ಆಸ್ಪತ್ರೆಯಲ್ಲಿ ನಡೆಯುವ ದಾನ ಬೇರೆ. ಲೋಕದಲ್ಲಿ ಅಂಗದಾನಕ್ಕೆ ಹೆಸರಾದ ದೇಶ ಸ್ಪೇನ್. ಅಲ್ಲಿ ಮೌನವೇ ಸಮ್ಮತಿ ಎಂಬ ಕಾನೂನು 1979ರಲ್ಲೇ ಬಂದಿತ್ತು. ದಾನ ಏರಿದ್ದು ಮಾತ್ರ 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ತರಬೇತಾದ ಸಂಯೋಜಕ ವೈದ್ಯರನ್ನು ಇಟ್ಟ ಮೇಲೆ. ಅವರು ಇಂದಿಗೂ ಮನೆಯವರ ಎದುರು ಕುಳಿತು ಕೇಳುತ್ತಾರೆ, ಬೇಡವೆಂದರೆ ಬಿಡುತ್ತಾರೆ. ನಮ್ಮಲ್ಲಿ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಗಿ ನಾಲ್ವರಿಗೆ ಬೆಳಕಾಯಿತು. ಆಮೇಲಿನ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಕರ್ನಾಟಕದ ಊರೂರಲ್ಲಿ ಜನ ಸಾಲುಗಟ್ಟಿದರು. ಯಾರೂ ಅವರನ್ನು ಪಟ್ಟಿಗೆ ಮೊದಲೇ ಸೇರಿಸಿರಲಿಲ್ಲ. ಒಬ್ಬರ ನಡತೆಯನ್ನು ಕಣ್ಣಾರೆ ಕಂಡು, ಯೋಚಿಸಿ, ತಾವೇ ಪೆನ್ನು ಹಿಡಿದರು. ಹೀಗೆ ಹೆಸರು ಬರೆಸಿದವರ ಮಕ್ಕಳಿಗೆ ನಾಳೆ ಅಪ್ಪನ ಇಚ್ಛೆ ಏನಿತ್ತೆಂದು ಗೊತ್ತಿರುತ್ತದೆ.

ನಡ್ಜ್‌ನ ಬಲವನ್ನೂ ನಾವು ಉತ್ಪ್ರೇಕ್ಷಿಸಬಾರದು. ಅಮೆರಿಕದಲ್ಲಿ ಸರ್ಕಾರಗಳ ಜೊತೆ ಕೆಲಸ ಮಾಡುವ ಎರಡು ನಡ್ಜ್ ತಂಡಗಳು ನಡೆಸಿದ 126 ಪ್ರಯೋಗಗಳನ್ನು ಸ್ಟೆಫಾನೋ ಡೆಲ್ಲಾವಿಗ್ನಾ ಮತ್ತು ಎಲಿಜಬೆತ್ ಲೀನೋಸ್ ಒಟ್ಟು ಹಾಕಿ ನೋಡಿದರು. ವಿದ್ವತ್ ಪತ್ರಿಕೆಗಳಲ್ಲಿ ಬಂದ ಪ್ರಯೋಗಗಳಲ್ಲಿ ಸರಾಸರಿ ಪರಿಣಾಮ ಶೇಕಡಾ 8.7 ಅಂಶವಿದ್ದರೆ, ಈ ತಂಡಗಳು ನಿಜವಾಗಿ ಮಾಡಿದ್ದರಲ್ಲಿ 1.4 ಅಂಶ. ಇಷ್ಟು ಸಣ್ಣ ಲಾಭಕ್ಕಾಗಿ ಜನರನ್ನು ಕೇಳುವ ಪದ್ಧತಿಯನ್ನೇ ಬಿಟ್ಟುಕೊಡಬೇಕೇ ಎಂದು ಆಡಳಿತಗಾರರು ಯೋಚಿಸಬೇಕು.

ಇನ್ನು ನಾಚಿಕೆಯ ವಿಷಯ. ಮೆಲ್ಲಗೆ ದೂಡುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದು ಮತ್ತು ಅತ್ಯಂತ ಕ್ರೂರವಾದದ್ದು ಇದೇ. ಬಯಲು ಶೌಚ ನಿಲ್ಲಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸ್ವಚ್ಛ ಭಾರತದಲ್ಲಿ ಶೌಚಾಲಯ ಕಟ್ಟಲು 12 ಸಾವಿರ ರೂಪಾಯಿ ಸಹಾಯಧನ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಅದಕ್ಕಿಂತ ಮೊದಲಿನಿಂದಲೂ ಸಮುದಾಯವೇ ಮುಂದೆ ನಿಂತು ಒತ್ತಡ ತರುವ ಒಂದು ವಿಧಾನ ಬಂದಿತ್ತು. ಮುಂಜಾನೆ ಸೀಟಿ ಊದುವ ತಂಡಗಳು, ಚೊಂಬು ಹಿಡಿದು ಹೊರಟವರ ಮುಖಕ್ಕೆ ಟಾರ್ಚ್ ಬಿಡುವುದು, ಫೋಟೋ ತೆಗೆಯುವುದು. 2011ರಲ್ಲಿ ಲಿಜ್ ಚಟರ್ಜಿ ಎಂಬ ಸಂಶೋಧಕಿ ನಮ್ಮ ಕರ್ನಾಟಕದಲ್ಲೇ ಕಂಡದ್ದನ್ನು ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆದರು. ಜನ ಬಯಲಿಗೆ ಹೋದಾಗ ಅವರ ಮನೆಗೆ ಬೀಗ ಜಡಿದು, ಶೌಚಾಲಯ ಕಟ್ಟುತ್ತೇನೆಂದು ಬರೆದುಕೊಟ್ಟ ಮೇಲಷ್ಟೇ ಕೀಲಿ ಕೊಟ್ಟೆ ಎಂದು ಒಬ್ಬ ಸ್ಥಳೀಯ ಅಧಿಕಾರಿ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ಅವರು ದಾಖಲಿಸಿದ್ದಾರೆ. ಇದನ್ನು ಮೆಲ್ಲಗೆ ದೂಡುವುದು ಎನ್ನಲಾದೀತೇ? ಮೊದಲು ಸೀಟಿ, ಆಮೇಲೆ ಬೀಗ. ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಏಕೆಂದರೆ ಇಂಥ ಒತ್ತಡಕ್ಕೆ ಎಲ್ಲೂ ಗಡಿ ಬರೆದಿಟ್ಟಿರುವುದಿಲ್ಲ. ಮತ್ತೆ ನೋಡಿ, ಟಾರ್ಚ್ ಬಿದ್ದದ್ದು ಯಾರ ಮುಖಕ್ಕೆ? ಕಟ್ಟಲು ಜಾಗವಿಲ್ಲದವನ ಮುಖಕ್ಕೆ, ನೀರಿಗಾಗಿ ದೂರ ನಡೆಯುವ ಹೆಣ್ಣುಮಗಳ ಮುಖಕ್ಕೆ.

ಇದರ ಎದುರು ಆಜ್ಞೆಯನ್ನು ಇಟ್ಟು ನೋಡಬೇಕು. ಕಾನೂನು ಕಟುವಾದದ್ದು ನಿಜ, ಆದರೆ ಅದಕ್ಕೆ ಸಹಿಯಿದೆ, ತಾರೀಕಿದೆ, ಗೆಜೆಟ್ಟಿದೆ. ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಬೀಡಿ, ಸಿಗರೇಟು ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರ ಜಗತ್ತಿನಾದ್ಯಂತ ಬಳಸುವ ನಡ್ಜ್. ನಮ್ಮಲ್ಲಿ ಅದು 2009ರಲ್ಲಿ ಪೊಟ್ಟಣದ ಮುಖದ ಶೇ 40ರಷ್ಟಿತ್ತು, 2016ರ ಏಪ್ರಿಲಿನಿಂದ ಎರಡೂ ಮುಖದ ಶೇ 85 ಆಯಿತು. ಪ್ರಕಟಿತ ನಿಯಮವಾದ್ದರಿಂದ ತಯಾರಕರು ಅದನ್ನು ಪ್ರಶ್ನಿಸಿದರು. ದೇಶದ ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರಗಳು ಉಳಿದವು. ಆ ಚಿತ್ರಗಳು ಉಳಿದದ್ದು ನನಗೆ ಸಂತೋಷ. ಅದಕ್ಕಿಂತ ಹೆಚ್ಚಿನ ಸಂತೋಷ, ಪರವಿರೋಧ ಎಲ್ಲ ಬೆಳಕಿನಲ್ಲಿ ನಡೆಯಿತು ಎಂಬುದು. ದೂಡುವ ಕೈ ಕಂಡರೆ ಹೀಗೆ ಅದರ ಜೊತೆ ವಾದಿಸಲು ಬರುತ್ತದೆ.

ಖಾಸಗಿಯವರ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೆ ಈ ವಿವೇಕ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಆನ್‌ಲೈನಿನಲ್ಲಿ ಗಿರಾಕಿಯನ್ನು ಯಾಮಾರಿಸುವ 13 ಬಗೆಯ ಜೋಡಣೆಗಳನ್ನು ಅದು ಪಟ್ಟಿ ಮಾಡಿದೆ. ಕೊಳ್ಳುವವನು ಆರಿಸದ ವಸ್ತುವನ್ನೋ ದೇಣಿಗೆಯನ್ನೋ ಬಿಲ್ಲಿಗೆ ಮೆಲ್ಲನೆ ಸೇರಿಸುವುದು ಅದರಲ್ಲೊಂದು. ಬೇಡವೆಂದವನನ್ನು ನಾಚುವಂತೆ ಮಾಡುವುದು ಇನ್ನೊಂದು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂಥ ಚಂದಾ ಮತ್ತೊಂದು. ಈ ಮೂರನ್ನೂ ನಾನು ಇಷ್ಟು ಹೊತ್ತು ಹೇಳಿದ ಯೋಜನೆಗಳ ಪಕ್ಕದಲ್ಲಿಟ್ಟು ನೋಡಿ. ಆ ಮಾರ್ಗಸೂಚಿ ಬರೆದದ್ದು ಆನ್‌ಲೈನ್ ವೇದಿಕೆಗಳಿಗೆ, ಜಾಹೀರಾತುದಾರರಿಗೆ, ಮಾರಾಟಗಾರರಿಗೆ. ಅಂಗಡಿಯವನು ಮಾಡಿದರೆ ಮೋಸವಾಗುವುದು ಇಲಾಖೆ ಮಾಡಿದರೆ ಹಿತಚಿಂತನೆ ಹೇಗಾಗುತ್ತದೆ? ಅಂಗಡಿ ಬೇಡವಾದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಸರ್ಕಾರಕ್ಕೆ ಎರಡನೆಯ ಅಂಗಡಿ ಇಲ್ಲ. ಆದ್ದರಿಂದ ಅದರ ಮೇಲಿನ ಕಟ್ಟುಪಾಡು ಹೆಚ್ಚೇ ಇರಬೇಕು.

ಈ ಮಾತನ್ನು ಮಲ್ಲಾಪುರದಲ್ಲಿ ಆಡುವುದಕ್ಕೆ ಒಂದು ಕಾರಣವಿದೆ. ಜನರ ಅಭಿಪ್ರಾಯ ಕೇಳುವುದು ಎಂದರೇನು ಎಂದು ನಿಮ್ಮ ಊರಿಗೆ ಗೊತ್ತು. ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದದ್ದು ಮಲ್ಲಾಪುರದಲ್ಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ಸಭೆಗೆ ಮೂವತ್ತು ದಿನದ ನೋಟಿಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಮಾತಾಡಬಹುದು. ಇದು ದೂಡುವುದಲ್ಲ, ಎದುರು ನಿಂತು ಕೇಳುವುದು. ಬೇಕೆಂದವರು, ಬೇಡವೆಂದವರು, ಉದ್ಯೋಗ ಮತ್ತು ಪರಿಹಾರದ ಮಾತೆತ್ತಿದವರು, ಎಲ್ಲರಿಗೂ ಅಲ್ಲಿ ಜಾಗವಿದೆ. ಆದರೆ ಆ ಸಭೆಯಲ್ಲಿ ಮತ ಹಾಕುವುದಿಲ್ಲ. ಅಧಿಕಾರಿಗಳು ಅಭಿಪ್ರಾಯ ದಾಖಲಿಸಿ ಮೇಲಕ್ಕೆ ಕಳಿಸುತ್ತಾರೆ, ತೀರ್ಮಾನ ದೆಹಲಿಯದು. ಈ ಎರಡನ್ನು ಜೋಡಿಸಿ ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಸೊಸೈಟಿಯಲ್ಲಿ ರೈತ ಏನೂ ಹೇಳದಿದ್ದರೂ ಹೂಂ ಎಂದು ಎಣಿಸುತ್ತಾರೆ. ಅಹವಾಲು ಸಭೆಯಲ್ಲಿ ಅವನು ಮೈಕ್ ಹಿಡಿದು ಬೇಡ ಎಂದರೂ ಅದು ಎಣಿಕೆಗೆ ಸೇರುವುದಿಲ್ಲ.

ಘಟಕ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಂದು ಇಳಿಯುವುದಿಲ್ಲ. ಈ ಸಭೆಯಲ್ಲಿ ಆ ಸ್ಥಾವರದಲ್ಲಿ ದುಡಿಯುವವರಿದ್ದಾರೆ, ಕಾಳಿ ನದಿಯ ಯೋಜನೆಗಳಿಗೆ ನೆಲ ಬಿಟ್ಟುಕೊಟ್ಟವರ ಮಕ್ಕಳೂ ಇದ್ದಾರೆ. ನಾನು ಹೇಳುವುದು ಬೇಡ ಎನ್ನುವ ಹಕ್ಕಿನ ಬಗ್ಗೆ. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿದರು. 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನಿಟ್ಟುಕೊಂಡು ಈ ಜಿಲ್ಲೆಯಿಂದಲೇ ನಿಂತರು. ಗೆಲ್ಲಲಿಲ್ಲ. ಆದರೆ ಅವರ ಬೇಡ ಎಂಬುದು ಎಲ್ಲರಿಗೂ ಕೇಳಿಸಿತು. ಅದಕ್ಕೂ ಹಿಂದೆ, 1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ತೀರ್ವೆ ಕೊಡುವುದಿಲ್ಲ ಎಂದು ಸಾರಿದರು. ಹೊಲಮನೆ ಜಪ್ತಿಯಾದವು, ಹರಾಜಾದವು. ಆಗ ಬೇಡ ಎನ್ನುವುದರ ಬೆಲೆ ಎಷ್ಟೆಂದು ಅವರಿಗೆ ಮುಂಚೆಯೇ ಗೊತ್ತಿತ್ತು. ತೆರಿಗೆ ಕೇಳಲು ಬಂದವರು ಯಾರೆಂದೂ ಗೊತ್ತಿತ್ತು. ಇಂದು ಯಾರೂ ಕೇಳಲು ಬರುವುದಿಲ್ಲ. ಕೇಳದಿದ್ದರೆ ಬೇಡ ಎನ್ನಲು ಅವಕಾಶವೇ ಹುಟ್ಟುವುದಿಲ್ಲ. ಪರಕೀಯ ಆಡಳಿತಕ್ಕೆ ಮುಖ ಕೊಟ್ಟು ನಿಂತ ನೆಲದಲ್ಲಿ ನಮ್ಮದೇ ಆಡಳಿತ ನಮ್ಮ ಮುಖ ನೋಡಿ ಕೇಳಬೇಕು ಎಂದು ಬಯಸುವುದು ದೊಡ್ಡ ಆಸೆಯಲ್ಲ.

ಹೇಳಿದರೆ ಜನ ಕೇಳುವುದಿಲ್ಲ ಎಂಬ ಮಾತನ್ನು ಅಧಿಕಾರಿಗಳಿಂದ ಆಗಾಗ ಕೇಳುತ್ತೇವೆ. 2019ರ ಆಗಸ್ಟಿನ ನೆರೆಯನ್ನು ನೀವು ಅನುಭವಿಸಿದ್ದೀರಿ. ಅಂದಿನಿಂದ ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ ಬಂದರೆ ಹೊಳೆದಂಡೆಯ ಮನೆಗಳಲ್ಲಿ ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದನ ಬಿಚ್ಚುತ್ತಾರೆ, ಕಾಗದಪತ್ರ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಯಾವ ಜಾಣ ಜೋಡಣೆಯೂ ಬೇಕಾಗುವುದಿಲ್ಲ. ಹೊತ್ತಿಗೆ ಸರಿಯಾಗಿ, ತಿಳಿಯುವ ಭಾಷೆಯಲ್ಲಿ, ನಿಜ ಹೇಳಿದರೆ ಸಾಕು.

ಹಾಗಾದರೆ ಮಾಡಬೇಕಾದ್ದೇನು? ದೆಹಲಿಯ ಮಾರ್ಗಸೂಚಿ ಬದಲಾಗುವವರೆಗೆ ಕಾಯಬೇಕಿಲ್ಲ. ಇಲ್ಲೇ ಆಗುವ ಕೆಲಸಗಳಿವೆ. ಬೆಳೆಸಾಲದ ಕಾಗದದ ಕಟ್ಟಿನ ಮೇಲುಗಡೆಯೇ ಕನ್ನಡದಲ್ಲಿ ಒಂದು ಪುಟ ಇರಲಿ. ಅದರಲ್ಲಿ ಬೆಳೆ, ಕಂತಿನ ಮೊತ್ತ, ಯಾವ ಹಾನಿಗೆ ಪರಿಹಾರ, ಯಾವುದಕ್ಕಿಲ್ಲ, ಎಷ್ಟು ಗಂಟೆಯೊಳಗೆ ಯಾರಿಗೆ ಫೋನ್ ಮಾಡಬೇಕು ಎಂದಿರಲಿ. ಕೆಳಗೆ ‘ವಿಮೆ ಬೇಕು’, ‘ವಿಮೆ ಬೇಡ’ ಎಂಬ ಎರಡು ಚೌಕ, ಒಂದೇ ಅಳತೆಯವು, ಯಾವುದಕ್ಕೂ ಮೊದಲೇ ಗುರುತು ಹಾಕದವು. ಎರಡರಲ್ಲಿ ಒಂದನ್ನು ತುಂಬದೆ ಸಾಲದ ಕಾಗದ ಮುಂದೆ ಹೋಗದಿರಲಿ. ಓದಲು ಬಾರದವರಿಗೆ ಕೊಂಕಣಿಯಲ್ಲೋ ಅವರ ಮನೆಮಾತಿನಲ್ಲೋ ಓದಿ ಹೇಳಲಿ. ಗುಮಾಸ್ತರಿಗೆ ಇದು ಹೆಚ್ಚಿನ ಕೆಲಸ ಎಂದು ಬಲ್ಲೆ. ಸಂಘದ ಆಡಳಿತ ಮಂಡಳಿಯಲ್ಲಿ ನಾವೇ ಇದ್ದೇವಲ್ಲ, ಸರ್ವಸಾಧಾರಣ ಸಭೆಯಲ್ಲಿ ಅದಕ್ಕೊಂದು ಠರಾವು ಮಾಡಬಹುದು, ಆ ದಿನಗಳಿಗೆ ಒಬ್ಬ ಸಹಾಯಕರನ್ನು ಕೊಡಬಹುದು. ಬ್ಯಾಂಕಿನವರು ಇಪ್ಪತ್ತು ರೂಪಾಯಿ ಕಡಿದ ದಿನ ಕನ್ನಡದಲ್ಲಿ ಒಂದು ಸಂದೇಶ ಕಳಿಸಲಿ: ಇದು ಯಾವ ವಿಮೆ, ಸತ್ತರೆ ಯಾರಿಗೆ ಎಷ್ಟು, ಬೇಡದಿದ್ದರೆ ಏನು ಮಾಡಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆ ನಡೆಯಬೇಕೆಂದು ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಫಲಾನುಭವಿಗಳ ಪಟ್ಟಿ ಓದುವ ಹೊತ್ತಿಗೆ ಈ ವರ್ಷ ಊರಿನಲ್ಲಿ ಯಾವ ಯಾವ ಯೋಜನೆಗೆ ಜನರನ್ನು ತಾನಾಗಿ ಸೇರಿಸಲಾಗಿದೆ, ಕಂತು ಎಷ್ಟು, ಬಿಡಲು ಕೊನೆಯ ದಿನ ಯಾವುದು ಎಂಬುದನ್ನೂ ಓದಿಸಿ. ಪಂಚಾಯತಿಯ ಹೊರಗೋಡೆಯ ಮೇಲೂ ಬರೆಸಿ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ: ಈ ಭಾನುವಾರ ನಿಮ್ಮ ಮನೆಯ ಮತ್ತು ಅಕ್ಕಪಕ್ಕದ ಎರಡು ಮನೆಯ ಪಾಸ್‌ಬುಕ್‌ಗಳನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಅವರ ಒಪ್ಪಿಗೆ ಪಡೆದು ಮೇ ತಿಂಗಳ ಸಾಲುಗಳನ್ನು ಓದಿ ಹೇಳಿ. ವಿಮೆ ಇದ್ದರೆ ಇದೆಯೆಂದು, ವಾರಸುದಾರರ ಹೆಸರು ಬರೆಸಿಲ್ಲದಿದ್ದರೆ ಬರೆಸಬೇಕೆಂದು ತಿಳಿಸಿ. ಮುಂದುವರಿಸಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಅವರೇ ಹೇಳಲಿ.